ಗೌರವ್ವನ ಮಗನನ್ನು ಕಾಯ್ದ ಪೆಟ್ಟಿಗೆ

ನಾನು ಒಂದು ಡೀಪ್ ಫ್ರೀಜರ್. ಹೊಟ್ಟೆ ತಣ್ಣಗಿರಲಿ ಎಂದು ಜನ ಒಬ್ಬರನ್ನೊಬ್ಬರು ಹರಸುತ್ತಾರೆ. ನನಗೆ ಆ ಹಾರೈಕೆ ಬೇಕಿಲ್ಲ, ಕಾರ್ಖಾನೆಯಲ್ಲೇ ನನ್ನ ಹೊಟ್ಟೆಗೆ ಹಿಮಾಲಯದ ಚಳಿ ತುಂಬಿ ಕಳಿಸಿದ್ದರು. ಲಾರಿ ಹತ್ತಿ ಧಾರವಾಡದ ಕಡೆಯ ಒಂದು ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಗೆ ಬಂದೆ. ಐಸ್‌ಕ್ರೀಮ್ ಇಡುತ್ತಾರೆಂದುಕೊಂಡಿದ್ದೆ. ಇಟ್ಟದ್ದು ಜನರ ರಕ್ತ.

ಕಾಡಂಚಿನ ನಾಲ್ಕಾರು ಹಳ್ಳಿಗಳಲ್ಲಿ ಹೆಸರಿಲ್ಲದ ಜ್ವರವೊಂದು ಮಕ್ಕಳನ್ನು ಒಯ್ಯುತ್ತಿತ್ತು. ಅಷ್ಟು ಸಣ್ಣ ಊರುಗಳ ಜ್ವರಕ್ಕೆ ಪರೀಕ್ಷೆ ಕಂಡುಹಿಡಿದರೆ ಯಾವ ಕಂಪನಿಗೆ ಲಾಭ? ಹಾಗಾಗಿ ಅದು ನಮ್ಮ ಪಾಲಿಗೆ ಬಂತು. ನಮ್ಮ ವಿಜ್ಞಾನಿ ಡಾ. ಶಕೀಲಾ ಬಾನು ಅಲ್ಲಿಗೆ ಹೋದಾಗ, ಗೌರವ್ವ ಎಂಬ ತಾಯಿ ಕೊನೆಯುಸಿರಲ್ಲಿದ್ದ ಮಗನ ರಕ್ತ ತೆಗೆಯಲು ಒಪ್ಪಿದಳಂತೆ. "ಕೆಡಸಬ್ಯಾಡ್ರಿ ಅಕ್ಕಾರ, ಮನ್ಯಾಗ ಇನ್ನೊಂದು ಕೂಸು ಐತಿ" ಎಂದಳಂತೆ. ಜ್ವರದ ಕ್ರಿಮಿ ಜೀವಂತ ಸಿಕ್ಕಿದ್ದು ಆ ಹುಡುಗನ ರಕ್ತದಲ್ಲಿ ಮಾತ್ರ. ಆ ಪುಟ್ಟ ಕೊಳವೆ ನನ್ನ ಮೇಲಿನ ಅರೆಗೆ ಬಂತು.

ಅಷ್ಟರಲ್ಲಿ ಖಂಡೇಪೂಜೆ, ಅಂದರೆ ದಸರೆಯ ಆಯುಧಪೂಜೆ, ಬಂತು. ಅಂದು ಯಂತ್ರಗಳಿಗೆ ಬಿಡುವು ಕೊಡುವುದು ವಾಡಿಕೆ. ಹೊಸದಾಗಿ ಸೇರಿದ್ದ ತಂತ್ರಜ್ಞ ಈರಪ್ಪ ಭಕ್ತಿಯಿಂದ ನನಗೆ ವಿಭೂತಿ ಬಳಿದು, ಚೆಂಡುಹೂ ಏರಿಸಿ, ಸ್ವಿಚ್ ಆರಿಸಿಬಿಟ್ಟ! ನನ್ನ ಅಲಾರಂ ಕೂಗಿಕೊಂಡರೆ, ಪೂಜೆಗೆ ಅಡ್ಡಿ ಎಂದು ಅದನ್ನೂ ಬಂದ್ ಮಾಡಿದ. ಭಕ್ತರ ಕೈಗೆ ಸಿಕ್ಕರೆ ದೇವರಿಗೇ ಕಷ್ಟ, ನನ್ನ ಪಾಡೇನು?

ಮಧ್ಯಾಹ್ನ ಪ್ರಸಾದಕ್ಕೆಂದು ಬಂದ ಶಕೀಲಾ ನಾನು ಸುಮ್ಮನಿರುವುದು ಕಂಡು ಹೌಹಾರಿದರು.

"ಮಶೀನಿಗೂ ಒಂದಿನಾ ರೆಸ್ಟ್ ಬೇಕಲ್ರೀ ಮೇಡಮ್ಮಾರ" ಎಂದ ಈರಪ್ಪ. ಅವರ ಮುಖ ನೋಡಿ ಗಾಬರಿಯಾಗಿ ನನ್ನ ಬಾಗಿಲಿಗೆ ಕೈ ಹಾಕಿದ.

"ಬಾಗಲಾ ತಗೀಬ್ಯಾಡೋ! ಒಳಗಿನ ಥಂಡಿ ಹೋಗ್ತದ!"

ಸ್ವಿಚ್ ಹಾಕಿ ಇಬ್ಬರೂ ನನ್ನ ಬಾಗಿಲ ಮೇಲಿನ ತಾಪಮಾನದ ಅಂಕಿ ನೋಡುತ್ತಾ ನನ್ನೆದುರು ಕುಕ್ಕರಗಾಲಲ್ಲಿ ಕುಳಿತರು. ದಪ್ಪ ಚರ್ಮ ಎಂದು ಜನ ಬೈಯುವುದುಂಟು. ಅಂದು ನನ್ನ ದಪ್ಪ ಚರ್ಮವೇ ಚಳಿಯನ್ನು ಹಿಡಿದಿಟ್ಟಿತ್ತು. ರಕ್ತ ಕರಗಿರಲಿಲ್ಲ. ಈರಪ್ಪ ಕಣ್ಣೊರೆಸಿಕೊಂಡ.

ಅದೇ ರಕ್ತದಿಂದ ಜ್ವರದ ಪರೀಕ್ಷೆ ತಯಾರಾಗಲು ವರ್ಷಗಳೇ ಹಿಡಿದವು. ಆಮೇಲೆ ಗೌರವ್ವನ ಮಗಳಿಗೂ ಜ್ವರ ಬಂತು. ಬೇಗನೆ ಗೊತ್ತಾಯಿತು, ಬೇಗನೆ ಚಿಕಿತ್ಸೆ ಸಿಕ್ಕಿತು, ಹುಡುಗಿ ಬದುಕಿದಳು. ಆ ಸುದ್ದಿ ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಈಗ ನನಗೆ ವಯಸ್ಸಾಗಿದೆ. ಒಳಗಿದ್ದುದನ್ನೆಲ್ಲ ಹೊಸ ಫ್ರೀಜರಿಗೆ ಸಾಗಿಸಿ ನನ್ನನ್ನು ವರಾಂಡಕ್ಕೆ ತಳ್ಳಿದ್ದಾರೆ. ಬೇಸರವಿತ್ತು, ಸುಳ್ಳೇಕೆ ಹೇಳಲಿ. ಇವತ್ತು ಗೌರವ್ವ ಮಗಳನ್ನು ಕರೆದುಕೊಂಡು, ರೊಟ್ಟಿ ಗಂಟು ಹಿಡಿದು ಬಂದಳು. ನನ್ನ ಬಾಗಿಲ ಮೇಲೆ ಅಂಗೈ ಇಟ್ಟಳು.

"ನನ್ನ ಮಗಾ ಇದರಾಗ ಅದಾನೇನ್ರಿ ಅಕ್ಕಾರ?"

"ಇಷ್ಟು ವರ್ಷ ಇದರಾಗ ಇದ್ದ, ಗೌರವ್ವಾ. ನಿನ್ನೆ ಹೊಸಾದಕ್ಕ ಹೋದ. ಬಾ, ತೋರಸ್ತೀನಿ" ಎಂದರು ಶಕೀಲಾ.

ಗೌರವ್ವ ಕದಲಲಿಲ್ಲ. ಮಗಳನ್ನು ನನ್ನ ಮುಂದೆ ನಿಲ್ಲಿಸಿದಳು.

"ಕೈ ಮುಗಿಯವ್ವಾ. ನಿಮ್ಮಣ್ಣನ್ನ ಜ್ವಾಪಾನ ಮಾಡಿದ್ದು ಇದನ."

ಗುಜರಿಯವನು ನಾಳೆ ಬರುತ್ತಾನಂತೆ. ಬರಲಿ.