ಬಾಗಿದ ಕಿರುಬೆರಳು

"ಕೈ ತಾ," ಎಂದಳು ಹ್ವಾರಾನ್, ಇನ್ನೂ ಬೂಟು ಬಿಚ್ಚುವ ಮೊದಲೇ.

ಇನ್‌ಸುಕ್ ಬಾಗಿಲ ಹಿಡಿಕೆ ಬಿಡದೆ ನಿಂತಳು. ಬುಪ್ಯೊಂಗ್ ಬಡಾವಣೆಯ ಹಳೆಯ ಕಟ್ಟಡವೊಂದರಲ್ಲಿ ಅರ್ಧ ನೆಲದೊಳಗಿದ್ದ ಕೆಲಸದ ಕೋಣೆ ಅವಳದು. ಕಿಟಕಿಯಲ್ಲಿ ಕಾಣುವುದು ರಸ್ತೆಯ ಮೇಲೆ ಹೋಗುವವರ ಪಾದಗಳು ಮಾತ್ರ. ಆ ಪಾದಗಳ ನಡುವೆ ವಾರಗಿತ್ತಿಯ ಬೂದು ಬೂಟು ಬರುವುದನ್ನು ಆಗಲೇ ಕಂಡಿದ್ದಳು. ಕಂಡು, ಬಾರ್ಲಿ ನೀರು ಕಾಯಿಸುತ್ತಿದ್ದ ಒಲೆಯನ್ನು ಆರಿಸಿದ್ದಳು.

"ಯಾವ ಕೈ ಅಕ್ಕ?"

"ಯಾವ ಕೈ ಅಂತೆ! ಬೊಂಬೆ ಕೈ. ಅಚ್ಚು ತೆಗೆಯೋ ಮೂಲದ್ದು. ಎರಡೂ ತಾ. ಈ ಸಲ ತಲೆ, ಕೈ ಎಲ್ಲಾ ಒಂದೇ ಅಚ್ಚಿನಲ್ಲಿ ಆಗಬೇಕು. ಅಚ್ಚು ನಾನೇ ಮಾಡ್ತೀನಿ. ನಿನ್ನ ಸಾಮಾನು, ನಿನ್ನ ಮೇಜು ಸಾಕು. ನಿನ್ನ ಕೈ ಬೇಡ."

ಹ್ವಾರಾನ್ ಆ ಮನೆಯ ಹಿರಿ ಸೊಸೆ, ಇನ್‌ಸುಕ್ ಕಿರಿಯವಳು. ಹಿರಿಯವಳು ಬೊಂಬೆಯ ತಲೆ, ಮೈ ಕೆತ್ತುತ್ತಿದ್ದಳು. ಅದಕ್ಕೆ ಸಿಲಿಕೋನಿನ ಅಚ್ಚು ತೆಗೆದು, ರಾಳ ಸುರಿದು, ಗುಳ್ಳೆ ಬಾರದ ಹಾಗೆ ನೋಡಿಕೊಂಡು, ಉಜ್ಜಿ, ಗುಂಡು ಕೀಲುಗಳಿಗೆ ರಬ್ಬರು ದಾರ ಪೋಣಿಸಿ, ಬೊಂಬೆ ಕೂರುವ ನಿಲ್ಲುವ ಹಾಗೆ ಮಾಡುವುದು ಕಿರಿಯವಳ ಪಾಲು. ಮಾರುವ ಪೆಟ್ಟಿಗೆಯ ಮೇಲೆ ಇರುತ್ತಿದ್ದುದು ಹಿರಿಯವಳ ಹೆಸರೊಂದೇ. ಮದುವೆಯಾಗಿ ಬಂದಾಗಿನಿಂದ ಹಬ್ಬದ ಅಡುಗೆಮನೆಯಲ್ಲೂ ಹಾಗೇ ನಡೆದಿತ್ತು. ಪಾತ್ರೆ ಉಜ್ಜಿದವಳು ಒಬ್ಬಳು, ಹಿರಿಯರ ಮುಂದೆ ಎಡೆ ಇಟ್ಟವಳು ಇನ್ನೊಬ್ಬಳು. ಇನ್‌ಸುಕ್ ಅದನ್ನು ಎಂದೂ ಬಾಯಿಬಿಟ್ಟು ಕೇಳಿರಲಿಲ್ಲ.

"ಯಾಕೆ, ನನ್ನ ಕೈಗೆ ಏನಾಯ್ತು?"

ಹ್ವಾರಾನ್ ಫೋನನ್ನು ಅವಳ ಮುಖದ ಮುಂದೆ ಹಿಡಿದಳು. ಯಾರೋ ಮಾರಾಟಕ್ಕಿಟ್ಟಿದ್ದ ಬೊಂಬೆಯ ಚಿತ್ರ. ಹೋದ ವರ್ಷದ ಬೊಂಬೆಯ ನಕಲು. "ಕಿರುಬೆರಳು ನೋಡು. ಇಷ್ಟು ಸರಿಯಾಗಿ ಬಾಗಬೇಕಾದ್ರೆ ಅದು ನಿನ್ನ ಅಚ್ಚಿನಿಂದಲೇ ಬಂದಿರಬೇಕು. ನಾನು ಆ ಕಡೆ ಹೋದ ಮೇಲೆ ಎಷ್ಟು ಸುರಿದು ಮಾರಿದೆ, ನಾರೇ ಅಮ್ಮ?"

ಮಗಳು ನಾರೇಯ ಹೆಸರು ಹಿಡಿದು ಕರೆದಾಗಲೆಲ್ಲ ವಾರಗಿತ್ತಿಯ ದನಿಯಲ್ಲಿ ಒಂದು ಚೂರಿ ಇರುತ್ತಿತ್ತು. ಇನ್‌ಸುಕ್ ಚಿತ್ರವನ್ನು ಒಮ್ಮೆ ನೋಡಿದಳು. ಕೈ ಮಣಿಕಟ್ಟಿನ ಗುಂಡಿನಲ್ಲಿ ಸಡಿಲವಾಗಿ ಕೂತಿತ್ತು. "ಇದು ಯಾರೋ ಕೊಂಡೋರು ಬೊಂಬೆಯಿಂದಲೇ ಅಚ್ಚು ತೆಗೆದಿರೋದು. ಹಾಗೆ ತೆಗೆದ್ರೆ ರಾಳ ಕುಗ್ಗಿ ಕೈ ಚಿಕ್ಕದಾಗುತ್ತೆ. ಒಂದು ತರಿಸಿ, ನಮ್ಮದರ ಪಕ್ಕ ಇಟ್ಟು ನೋಡಿ ಅಕ್ಕ."

"ನನಗೇ ಪಾಠ ಹೇಳ್ತೀಯಾ? ಕದ್ದವಳ ಬಾಯಿ ಯಾವತ್ತೂ ದೊಡ್ಡದು ಬಿಡು. ಬೊಂಬೆ ಪ್ರದರ್ಶನ ಮುಗೀಲಿ, ಅಚ್ಚು, ಮೂಲ ಎಲ್ಲಾ ಚೀನಾದ ಕಾರ್ಖಾನೆಗೆ ಕಳಿಸ್ತೀನಿ. ನಿನ್ನ ಗೊಡವೆ ಅಲ್ಲಿಗೆ ಮುಗೀತು. ಕೈ ತಾ ಅಂದೆ."

ಚಹಾದ ತಗಡಿನ ಡಬ್ಬಿಯಲ್ಲಿ, ಹತ್ತಿಯ ನಡುವೆ, ಆ ಎರಡು ಕೈಗಳಿದ್ದವು. ಇನ್‌ಸುಕ್‌ಳ ಹೆಬ್ಬೆರಳಿಗಿಂತ ತುಸು ಉದ್ದ. ಅವನ್ನು ಕೆತ್ತಿದವಳು ಅವಳೇ. ಹ್ವಾರಾನ್ ಮಾಡುತ್ತಿದ್ದ ಕೈಗಳ ಬೆರಳು ಅಚ್ಚಿನಿಂದ ಬಿಡಿಸುವಾಗ ಮುರಿಯುತ್ತಿದ್ದವು. ಬೈಗುಳ ಮಾತ್ರ ಇನ್‌ಸುಕ್‌ಗೆ ಬರುತ್ತಿತ್ತು. ಕೊನೆಗೆ ಬೇಸತ್ತು ಅವಳೇ ಮಾಡಿದಳು. ಅತ್ತೆ ಹಾಸಿಗೆ ಹಿಡಿದಿದ್ದ ಕಾಲ ಅದು. ಅತ್ತೆ ಮಲಗಿದಾಗ ಪಕ್ಕದಲ್ಲಿ ಕೂತು, ಕಂಬಳಿಯ ಹೊರಗಿದ್ದ ಕೈಯನ್ನೇ ನೋಡುತ್ತ ತಿದ್ದಿದಳು. ಅತ್ತೆ ಹುಡುಗಿಯಾಗಿದ್ದಾಗ ವಿಗ್ ಹೊಲಿಯುವ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ, ಮುರಿದು, ಸೊಟ್ಟಗೆ ಕೂಡಿಕೊಂಡಿದ್ದ ಕಿರುಬೆರಳು.

ಆ ಕೈ ಒಳ್ಳೆಯದೇನೂ ಆಗಿರಲಿಲ್ಲ. ಗಂಜಿಯ ಬಟ್ಟಲು ತಳ್ಳಿತ್ತು. ಮೈ ಒರೆಸಲು ಹೋದವಳ ಕೆನ್ನೆಗೆ ಬಿದ್ದಿತ್ತು. ಸೊಟ್ಟ ಬೆರಳು ಎಲ್ಲಿ ತಾಗುತ್ತದೆ ಎಂದು ಇನ್‌ಸುಕ್‌ಳ ಕೆನ್ನೆಗೆ ಚೆನ್ನಾಗಿ ಗೊತ್ತಿತ್ತು. ಕೊನೆಕೊನೆಗೆ ಅದೇ ಕೈ ಅವಳ ಏಪ್ರನ್ನಿನ ಅಂಚು ಹಿಡಿದರೆ ಬಿಡುತ್ತಿರಲಿಲ್ಲ. ಹಿರಿ ಸೊಸೆ ಹಬ್ಬಕ್ಕೊಮ್ಮೆ ಪೇರು ಹಣ್ಣಿನ ಪೆಟ್ಟಿಗೆ ಹಿಡಿದು ಬಂದು, ಕೋಟು ಕೂಡ ಬಿಚ್ಚದೆ ಕೂತು, ಎದ್ದು ಹೋಗುತ್ತಿದ್ದಳು.

ಇನ್‌ಸುಕ್ ಡಬ್ಬಿ ಕೊಟ್ಟಳು. ಯಾಕೆ ಕೊಟ್ಟೆ ಎಂದು ಅವಳಿಗೇ ತಿಳಿಯಲಿಲ್ಲ. ಹಿರಿಯವಳು ಕೈ ಚಾಚಿದರೆ ಕೊಟ್ಟೇ ಅಭ್ಯಾಸ.

ಹ್ವಾರಾನ್ ತಾನು ತಂದ ಹೊಸ ತಲೆಯನ್ನೂ ಆ ಎರಡು ಕೈಗಳನ್ನೂ ಎಣ್ಣೆಯಲ್ಲಿ ಕಲಸಿದ ಮಣ್ಣಿನ ಹಾಸಿನಲ್ಲಿ ಅರ್ಧಕ್ಕೆ ಹೂತಳು. ತಲೆ ಚೆಂದವಿತ್ತು, ಅದನ್ನು ಇನ್‌ಸುಕ್ ಒಪ್ಪದೆ ಇರಲಾರಳು. ತುಟಿ ಈಗಷ್ಟೇ ಏನೋ ನುಂಗಿಕೊಂಡ ಹಾಗಿತ್ತು. ಸುತ್ತ ಗಾಜಿನಂಥ ಹಲಗೆಗಳ ಪೆಟ್ಟಿಗೆ ಕಟ್ಟಿ, ಹಾಲಿನಂಥ ಸಿಲಿಕೋನ್ ಸುರಿದದ್ದಾಯಿತು.

"ಬಾಯಿ ಮುಚ್ಕೊಂಡು ನೋಡು," ಎಂದಿದ್ದಳು ಹ್ವಾರಾನ್. "ನಿನ್ನ ವಿದ್ಯೆ ಎಷ್ಟು ದೊಡ್ಡದು ಅಂತ ನನಗೂ ಗೊತ್ತಾಗಲಿ. ಇಷ್ಟು ವರ್ಷ ನೋಡಿದೀನಿ, ಇದೇನು ಬ್ರಹ್ಮವಿದ್ಯೆಯಾ?"

ಮರುದಿನ ಬೆಳಿಗ್ಗೆ ಪೆಟ್ಟಿಗೆ ಮಗುಚಿ ಮಣ್ಣು ಕೆರೆದು ತೆಗೆದಾಗ, ಗಟ್ಟಿಯಾದ ಸಿಲಿಕೋನಿನ ಮೇಲೆ ತಲೆಯ ಹಿಂಭಾಗ, ಎರಡು ಅಂಗೈ ಮೇಲೆದ್ದು ಕೂತಿದ್ದವು. ಇನ್ನು ಮೇಲರ್ಧ ಸುರಿಯಬೇಕು. ಅದಕ್ಕೆ ಮೊದಲು ಕೆಳಗಿನ ಅರ್ಧದ ಮೇಲ್ಮೈಗೆಲ್ಲ ವ್ಯಾಸಲೀನ್ ಹಚ್ಚಬೇಕು. ಬೊಂಬೆಗೆ ಅಂಟದ ಸಿಲಿಕೋನ್ ತನಗೆ ತಾನು ಮಾತ್ರ ಅಂಟುತ್ತದೆ. ಹಚ್ಚಲು ಮರೆತರೆ ಎರಡು ಅರ್ಧಗಳು ಬೆಸೆದು ಒಂದೇ ಗಡ್ಡೆಯಾಗಿ, ಒಳಗಿನದು ಒಳಗೇ ಉಳಿಯುತ್ತದೆ.

ಹ್ವಾರಾನ್‌ಗೆ ಅದು ಗೊತ್ತಿತ್ತು. ಕುಂಚ ತೆಗೆದುಕೊಂಡು ಒಂದು ಮೂಲೆಯಿಂದ ಶುರು ಮಾಡಿದಳು. ಅಂಗೈ ಅಗಲದಷ್ಟು ಜಾಗ ಮಿರಮಿರ ಮಿಂಚಿತು. ಅಷ್ಟರಲ್ಲಿ ಫೋನು ಬಂತು. ಕುಂಚವನ್ನು ವ್ಯಾಸಲೀನ್ ಡಬ್ಬಿಯ ಮೇಲೆ ಅಡ್ಡ ಇಟ್ಟು ಕಿಟಕಿಯ ಕಡೆ ಹೋದಳು. ಪ್ರದರ್ಶನದವರಿರಬೇಕು, ದನಿ ಜೇನಾಯಿತು.

"ಅಯ್ಯೋ, ಹೌದು ಹೌದು, ಈ ಸಲವೂ ಅದೇ ಕೈ. ನಮ್ಮ ಅತ್ತೆಯವರದು. ಕೊನೆಗಾಲದಲ್ಲಿ ಆ ಕೈ ಹಿಡ್ಕೊಂಡೇ ಕೂತಿರ್ತಿದ್ದೆ ನೋಡಿ. ಆ ಬೆರಳು ಮನಸ್ಸಿನಲ್ಲೇ ಉಳಿದುಬಿಡ್ತು. ಕೆತ್ತುವಾಗ ಅಳು ಬಂದುಬಿಡೋದು..."

ಇನ್‌ಸುಕ್ ತೊಟ್ಟಿಯಲ್ಲಿ ಲೋಟ ತೊಳೆಯುತ್ತಿದ್ದಳು. ತೊಳೆದ ಲೋಟವನ್ನೇ ಮತ್ತೆ ತೊಳೆದಳು.

ಮಾತು ಬಹಳ ಹೊತ್ತು ನಡೆಯಿತು. ಮುಗಿಸಿ ಬಂದವಳ ಮುಖ ಅರಳಿತ್ತು. ಕುಂಚವನ್ನು ತೆಗೆದು ಬದಿಗಿಟ್ಟು, ಡಬ್ಬಿಯ ಮುಚ್ಚಳ ಮುಚ್ಚಿ, ಸಿಲಿಕೋನಿನ ಎರಡು ಡಬ್ಬಿಗಳನ್ನು ಹತ್ತಿರಕ್ಕೆಳೆದುಕೊಂಡಳು.

ಇನ್‌ಸುಕ್‌ಳ ಕಣ್ಣು ಪೆಟ್ಟಿಗೆಯ ಮೇಲೆ ಬಿತ್ತು. ಒಂದು ಮೂಲೆ ಮಾತ್ರ ಮಿಂಚುತ್ತಿತ್ತು. ಉಳಿದದ್ದೆಲ್ಲ ಒಣಗಿದ ಅಕ್ಕಿ ಕಡುಬಿನ ಹಾಗೆ ಮಂಕಾಗಿತ್ತು.

"ಅಕ್ಕ..."

"ಮುಚ್ಚು ಬಾಯಿ. ಅಳತೆ ಮಾಡ್ತಿದೀನಿ, ಕಾಣಲ್ವಾ?"

ಆಮೇಲೂ ಹೊತ್ತಿತ್ತು. ಹ್ವಾರಾನ್ ತೂಕ ಮಾಡಿ, ಎರಡನ್ನೂ ಸೇರಿಸಿ, ಕಲಸಿ, ಗಾಳಿ ತೆಗೆಯುವ ಪಾತ್ರೆಗೆ ಇಟ್ಟಳು. ಸಿಲಿಕೋನ್ ನೊರೆಯೆದ್ದು ಉಬ್ಬಿ ಕುಸಿಯಿತು. ಅಷ್ಟೂ ಹೊತ್ತು ಇನ್‌ಸುಕ್ ಗೋಡೆಗೆ ಒರಗಿ, ಏಪ್ರನ್ನಿನ ಜೇಬಿನಲ್ಲಿ ಕೈ ಇಟ್ಟುಕೊಂಡು ನಿಂತಿದ್ದಳು. ಒಂದು ಮಾತು ಸಾಕಿತ್ತು. ಮಾತೂ ಬೇಡ, ಕುಂಚದ ಕಡೆ ಬೆರಳು ತೋರಿಸಿದ್ದರೂ ಸಾಕಿತ್ತು. ಅಲ್ಲಿರುವುದು ನನ್ನ ಕೈಯೂ ಹೌದು, ಎಂದು ಮನಸ್ಸು ಹೇಳಿತು. ಇರಲಿ, ಎಂದು ಅದೇ ಮನಸ್ಸು ಹೇಳಿತು. ಚೀನಾಕ್ಕೆ ಹೋಗುವುದಕ್ಕಿಂತ ಇಲ್ಲೇ ಹೂತು ಹೋಗಲಿ.

ಸಣ್ಣ ಎಳೆಯಾಗಿ ಸಿಲಿಕೋನ್ ಇಳಿಯಿತು. ಅಂಗೈಗಳು ಮುಳುಗಿದವು, ಆಮೇಲೆ ತಲೆ.

"ನೋಡಿದ್ಯಾ?" ಎಂದಳು ಹ್ವಾರಾನ್, ಕೈ ಒರೆಸಿಕೊಳ್ಳುತ್ತ.

"ನೋಡಿದೆ ಅಕ್ಕ," ಎಂದಳು ಇನ್‌ಸುಕ್.

ಮಾರನೆಯ ದಿನ ಹ್ವಾರಾನ್ ಹಲಗೆಗಳನ್ನು ಬಿಚ್ಚಿದಳು. ಅರೆಪಾರದರ್ಶಕವಾದ ಬಿಳಿ ಗಡ್ಡೆ ಮೇಜಿನ ಮೇಲೆ ಕೂತಿತು. ಎರಡು ಅರ್ಧಗಳು ಕೂಡುವ ಕಡೆ ಉಗುರು ತೂರಿಸಿದಳು. ಒಂದು ಮೂಲೆ ತುಟಿಯಷ್ಟು ಬಾಯಿ ಬಿಟ್ಟು ನಿಂತಿತು. ಇನ್ನೊಂದು ಕಡೆಯಿಂದ ಎಳೆದಳು. ಮೊಣಕಾಲ ನಡುವೆ ಇಟ್ಟು ಎಳೆದಳು. ಕತ್ತಿನ ನರ ಉಬ್ಬಿತು.

"ಇದ್ಯಾಕೆ..." ಎಂದವಳು ನಿಂತಳು. ವ್ಯಾಸಲೀನ್ ಡಬ್ಬಿಯ ಕಡೆ ನೋಡಿದಳು. ಆಮೇಲೆ ಇನ್‌ಸುಕ್‌ಳ ಕಡೆ. ಮುಖದ ಬಣ್ಣ ನಿಧಾನವಾಗಿ ಇಳಿಯಿತು.

"ನೀನು ಇಲ್ಲೇ ನಿಂತಿದ್ಯಲ್ಲ."

"ನಿಂತಿದ್ದೆ."

"ನೋಡ್ತಾ ಇದ್ದೆ. ಕಣ್ಣೆದುರೇ ನೋಡ್ತಾ ಇದ್ದೆ! ಹೇಳೋಕೆ ನಾಲಿಗೆ ಬಿದ್ದು ಹೋಗಿತ್ತಾ?"

"ಬಾಯಿ ಮುಚ್ಕೊಂಡು ನೋಡು ಅಂದ್ರಿ. ನೋಡಿದೆ."

"ಹಾವು ನೀನು. ಅತ್ತೆ ಸುಮ್ಮನೆ ಹೇಳ್ತಿರಲಿಲ್ಲ, ಈ ಕಿರಿಯವಳು ಮಾತಾಡಲ್ಲ, ಹೊಟ್ಟೆ ತುಂಬ ವಿಷ ಅಂತ."

"ಅತ್ತೆ ನಿಮ್ಮ ಹತ್ರ ಯಾವಾಗ ಮಾತಾಡಿದ್ರು ಅಕ್ಕ? ಹಣ್ಣಿನ ಪೆಟ್ಟಿಗೆ ಇಟ್ಟು ಹೋಗ್ತಿದ್ರಲ್ಲ, ಆವಾಗಲಾ?"

ಹ್ವಾರಾನ್ ಮೇಜಿನ ಮೇಲಿದ್ದ ಸಣ್ಣ ಚಾಕು ತೆಗೆದುಕೊಂಡು ಗಡ್ಡೆಯ ಹತ್ತಿರ ತಂದಳು. ಒಳಗೆ ತಲೆಯ ನೆರಳು ಮಸುಕಾಗಿ ಕಾಣುತ್ತಿತ್ತು. ಮೂಗು ಎಲ್ಲಿ ಮುಗಿದು ತುಟಿ ಎಲ್ಲಿ ಶುರುವಾಗುತ್ತದೆ ಎಂದು ಕಾಣುತ್ತಿರಲಿಲ್ಲ. ಚಾಕುವನ್ನು ಹಿಂದಕ್ಕೆ ತೆಗೆದಳು. ಪ್ರದರ್ಶನಕ್ಕೆ ಬೇರೆ ತಲೆ ಇರಲಿಲ್ಲ, ಇನ್ನೊಂದು ಕೆತ್ತುವಷ್ಟು ಸಮಯವೂ ಇರಲಿಲ್ಲ. ಅಚ್ಚನ್ನು ಕುರುಡಾಗಿ ಕೊಯ್ದು, ಒಳಗಿನದಕ್ಕೆ ಗೀರು ಬೀಳದ ಹಾಗೆ ಬಿಡಿಸಬಲ್ಲವರು ಯಾರು ಎಂದು ಆ ಕೋಣೆಯಲ್ಲಿದ್ದ ಇಬ್ಬರಿಗೂ ಗೊತ್ತಿತ್ತು.

ಹ್ವಾರಾನ್ ಚಾಕುವನ್ನು ತಿರುಗಿಸಿ ಹಿಡಿ ಮುಂದು ಮಾಡಿದಳು. ಇನ್‌ಸುಕ್‌ಳ ಮುಖ ನೋಡಲಿಲ್ಲ.

"ನೀನೇ ಕೊಯ್ಯಿ."

ಇನ್‌ಸುಕ್ ಏಪ್ರನ್ನಿಗೆ ಕೈ ಒರೆಸಿಕೊಂಡು ಚಾಕು ತೆಗೆದುಕೊಂಡಳು. ಗಡ್ಡೆಯನ್ನು ಕಿಟಕಿಯ ಬೆಳಕಿಗೆ ಎತ್ತಿ, ನಿಧಾನವಾಗಿ ತಿರುಗಿಸಿ ನೋಡಿದಳು. ತಲೆ ಒಂದು ಕಡೆ, ಕೈಗಳು ಇನ್ನೊಂದು ಕಡೆ. ನಡುವೆ ಒಂದು ಬೆರಳಿನ ಅಗಲದಷ್ಟು ಖಾಲಿ. ಗಡ್ಡೆಯನ್ನು ಮೇಜಿನ ಮೇಲಿಟ್ಟು, ಎಡ ಅಂಗೈಯಿಂದ ಅದುಮಿ ಹಿಡಿದು, ಆ ಖಾಲಿಯ ಮೇಲೆ ಚಾಕು ಇಟ್ಟಳು.

"ಅಲ್ಲಿ ಯಾಕೆ?" ಎಂದಳು ಹ್ವಾರಾನ್. "ಮುಖ ಈ ಕಡೆ ಇದೆ. ಏ, ಅಲ್ಲಿ ಯಾಕೆ ಕೊಯ್ತೀಯ?"

ಇನ್‌ಸುಕ್ ಚಾಕು ಎಳೆದಳು. ಸಿಲಿಕೋನ್ ಅಡೆತಡೆಯಿಲ್ಲದೆ, ದಪ್ಪ ಮೂಲಂಗಿಯ ಹಾಗೆ ಕೊಯ್ಸಿಕೊಂಡಿತು. ಗಡ್ಡೆ ಎರಡಾಯಿತು. ದೊಡ್ಡ ತುಂಡನ್ನು ವಾರಗಿತ್ತಿಯ ಮುಂದಕ್ಕೆ ಸರಿಸಿ, ಚಾಕುವನ್ನು ಒರೆಸಿ ಅದರ ಪಕ್ಕದಲ್ಲಿಟ್ಟಳು. ಹಿರಿಯರಿಗೆ ಕೊಡುವಾಗ ಕೊಡಬೇಕಾದ ಹಾಗೆ, ಹಿಡಿ ಅವಳ ಕಡೆಗಿರುವಂತೆ, ಎರಡೂ ಕೈಯಿಂದ ಇಟ್ಟಳು.

"ನಿಮ್ಮದು ನಿಮಗೆ ಅಕ್ಕ."

ಸಣ್ಣ ತುಂಡನ್ನು ಕಿಟಕಿಯ ಕಟ್ಟೆಯ ಮೇಲೆ ನಿಲ್ಲಿಸಿ, ಮೊದಲ ದಿನ ಆರಿಸಿದ್ದ ಒಲೆಯನ್ನು ಹಚ್ಚಿ, ಒಬ್ಬಳಿಗಾಗುವಷ್ಟು ಬಾರ್ಲಿ ನೀರು ಇಟ್ಟಳು. ಹೊರಗೆ ಯಾರದೋ ಪಾದಗಳು ಹಾದುಹೋದವು. ಅವು ಹೋದ ಮೇಲೆ ಬೆಳಕು ಮತ್ತೆ ಬಿದ್ದು, ಹಾಲು ಬಿಳುಪಿನ ಒಳಗೆ ಒಂದು ಕೈಯ ಐದು ಬೆರಳುಗಳ ನೆರಳು ಮೂಡಿತು. ನಾಲ್ಕು ನೆಟ್ಟಗೆ. ಕಿರುಬೆರಳು ಮಾತ್ರ ಯಾವುದೋ ಅಂಚು ಹಿಡಿದುಕೊಂಡ ಹಾಗೆ ಬಾಗಿತ್ತು.