ಇದು ಬಟ್ಟಿ ಅಲ್ಲ

ಪಟ್ಟಿ ಬಿಡಲಿಲ್ಲ. ಪೂಜಾ ಉಗುರಿನಿಂದ ಕೆರೆದಳು, ಬಿಸಿನೀರು ಸುರಿದಳು, ಸೀಗೆಪುಡಿ ಹಚ್ಚಿ ತಿಕ್ಕಿದಳು. ರಕ್ತ ತೆಗೆದ ಮೇಲೆ ಅತ್ತೆಯ ಮೊಣಕೈ ಮಡಿಕೆಗೆ ಅಂಟಿಸಿದ್ದ ದವಾಖಾನೆಯ ಬಿಳಿ ಪಟ್ಟಿ, ಜೀವ ಹೋದರೂ ತಾನು ಹೋಗೆ ಎಂಬಂತೆ ಕೂತಿತ್ತು.

"ಇರ್ಲಿ ಬಿಡವಾ," ಎಂದಳು ನೀರು ಹೊಯ್ಯುತ್ತಿದ್ದ ನೆರೆಮನೆಯ ಅಡಿವೆವ್ವ. "ಒಡವಿ ಎಲ್ಲಾ ತಗದ್ವಿ. ಇದೊಂದರ ಇರ್ಲಿ ಮೈಮ್ಯಾಲೆ."

ಸವಡಿಯ ಚನ್ನವ್ವನನ್ನು ಮೀಯಿಸಿ, ವಿಭೂತಿ ಹಚ್ಚಿ, ಇಳಕಲ್ಲ ಸೀರೆ ಉಡಿಸಿ, ಪಡಸಾಲೆಯ ಗೋಡೆಗೆ ಒರಗಿಸಿ ಕೂಡ್ರಿಸಿದರು. ಬದುಕಿದ್ದಾಗಲೂ ಆಕೆ ಕೂಡುತ್ತಿದ್ದ ಜಾಗ ಅದೇ. ಇವತ್ತು ಬಂದವರ ಹೊಟ್ಟೆ ಮುಟ್ಟಿ ನೋಡುತ್ತಿರಲಿಲ್ಲ, ಅಷ್ಟೇ.

ಪೂಜಾ ಕೈ ಒರೆಸಿಕೊಂಡು ಹೊರಬಂದಾಗ ಗಂಡ ಶಶಿಕಾಂತ ಕಂಬಕ್ಕೆ ಆತು ನಿಂತಿದ್ದ. ಅಂಗೈ ಕೆಳಹೊಟ್ಟೆಯ ಎಡಮೂಲೆಯನ್ನು ಒತ್ತಿ ಹಿಡಿದಿತ್ತು. ಹಣೆಯಲ್ಲಿ ಬೆವರು.

"ಯಾವಾಗಿಂದ ನೂಸಾಕತ್ತೈತಿ?"

"ಮೊನ್ನೆಯಿಂದ. ಗುಳಿಗಿ ತಗೊಂಡೀನಿ. ಮಣ್ಣ ಆಗ್ಲಿ, ಆಮ್ಯಾಲೆ ನೋಡೂಣು."

"ಯಾರ ಮಣ್ಣು?" ಎಂದಳು ಪೂಜಾ.

*

ಹೊಕ್ಕುಳ ತನ್ನ ಜಾಗ ಬಿಟ್ಟು ಸರಿದರೆ ಹೊಟ್ಟೆ ನೋಯುತ್ತದೆಂಬುದು ಆ ಸೀಮೆಯ ನಂಬಿಕೆ. ಬಟ್ಟಿ ಸರಿಯುವುದು ಎನ್ನುತ್ತಾರೆ. ಸರಿದ ಬಟ್ಟಿಯನ್ನು ಎಣ್ಣೆ ಹಚ್ಚಿ, ಹೆಬ್ಬೆರಳಿನಿಂದ ತಿಕ್ಕಿ ತಿಕ್ಕಿ ಮರಳಿ ಕೂಡಿಸುವುದರಲ್ಲಿ ಚನ್ನವ್ವನನ್ನು ಮೀರಿಸುವವರಿರಲಿಲ್ಲ. ಲಕ್ಕಲಕಟ್ಟಿ, ಮುಶಿಗೇರಿಯಿಂದ ಜನ ಬಸ್ಸು ಹತ್ತಿ ಬರುತ್ತಿದ್ದರು. ಒಂದು ಸಲವಂತೂ ಪಂಚಾಯಿತಿ ಚುನಾವಣೆಗೆ ಎದುರುಬದುರು ನಿಂತವರಿಬ್ಬರೂ ಒಂದೇ ವಾರದಲ್ಲಿ ಬಂದು, ಒಂದೇ ಚಾಪೆಯ ಮೇಲೆ ಅಂಗಾತ ಮಲಗಿ ಹೋಗಿದ್ದರು. "ಗೆಲ್ಲಾಂವ ಯಾರು ಅಂತ ನನಗ ಅವತ್ತ ಗೊತ್ತಾತು. ಸೋಲಾವಂದು ಹೊಟ್ಟಿ ಬಡಬಡ ಹೊಡಕೊಳ್ತಿತ್ತು," ಎಂದು ಚನ್ನವ್ವ ಬಹಳ ದಿನ ಹೇಳಿದಳು. ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ, ಅವರ ಊರಿನ ಸುದ್ದಿಯನ್ನು ಬಿಟ್ಟು.

ಹೋದ ವಾರ ಆಕೆಯದೇ ಹೊಟ್ಟೆ ಎಡಕ್ಕೆ ನೋಯತೊಡಗಿತು. ಅಡಿವೆವ್ವನನ್ನು ಕರೆದು, ತಾನೇ ಬೆರಳಿಗೆ ದಾರಿ ತೋರಿಸುತ್ತ ತಿಕ್ಕಿಸಿಕೊಂಡಳು. ನೋವು ಹೆಚ್ಚಿತು. "ಬಟ್ಟಿ ಹಠಾ ಮಾಡಾಕತ್ತೈತಿ," ಎಂದು ಇನ್ನಷ್ಟು ಜೋರಾಗಿ ತಿಕ್ಕಿಸಿದಳು. ಪೂಜಾ ಕಾಡಿ ಬೇಡಿ ರೋಣದ ಡಾಕ್ಟರ ಹತ್ತಿರ ಕರೆದೊಯ್ಯುವಷ್ಟರಲ್ಲಿ ದಿನಗಳು ಉರುಳಿದ್ದವು.

"ವಯಸ್ಸಾದಂಗ ದೊಡ್ಡ ಕರುಳಿನ ಗ್ವಾಡಿ ಅಲ್ಲಲ್ಲೆ ಉಬ್ಬಿ ಸಣ್ಣ ಸಣ್ಣ ಚೀಲ ಆಗ್ತಾವ್ರಿ," ಎಂದರು ಡಾಕ್ಟರು, ರಕ್ತದ ಫಲಿತಾಂಶ ಬಂದ ಮೇಲೆ. "ನಿಮ್ದೊಂದು ಚೀಲ ಬಾತಂಗ ಕಾಣತೈತಿ. ಎಷ್ಟು ಬಾತೈತಿ ಅನ್ನೂದು ಕೈಗೆ ತಿಳಿಯಂಗಿಲ್ಲ. ರಕ್ತದಾಗ ಸಿಆರ್‌ಪಿ ಅಂತ ಇರತೈತಿ, ಒಳಗ ಬಾವು ಏರಿದಂಗ ಅದೂ ಏರತೈತಿ. ಐದರೊಳಗ ಇರಬೇಕಾದ್ದು ನಿಮ್ದು ಇನ್ನೂರು ದಾಟೈತಿ. ಇವತ್ತ ಗದಗಿಗೆ ಹೋಗ್ರಿ, ಸ್ಕ್ಯಾನ್ ಆಗಬೇಕು. ಚೀಲ ಒಡೀತಂದ್ರ ಕಷ್ಟ."

"ಇನ್ನೂರು ಅಂದ್ರ ಏನ್ರಿ? ಸೇರೋ, ತೊಲಿಯೋ?" ಎಂದಳು ಚನ್ನವ್ವ. "ಜ್ವರ ಸುದ್ದಾ ಇಲ್ಲ ನನಗ."

"ವಯಸ್ಸಾದವರಿಗೆ ಒಮ್ಮೊಮ್ಮೆ ಜ್ವರ ಬರಂಗಿಲ್ಲಬೇ. ಅದಕ್ಕ ರಕ್ತಾ ನೋಡೂದು."

ಹೊರಗೆ ಬಂದವಳೇ ಮಗನಿಗೆ ಹೇಳಿದಳು: "ಹೊಟ್ಟಿ ಮುಟ್ಟಿದ್ದು ಎರಡ ಬೆರಳಿಲೆ. ಅಷ್ಟರಾಗ ಏನ ತಿಳೀತೈತಿ ಅವಗ?"

"ಅವ್ವನ ಕೈಗಿಂತ ದೊಡ್ಡ ಮಶೀನ ಐತೇನು?" ಎಂದ ಶಶಿಕಾಂತ. ಪೂಜಾ ಕೈಮುಗಿದು ಬೇಡಿಕೊಂಡಳು. ಕಾರು ಗದಗಿನ ಬದಲು ಸವಡಿಯ ಮನೆಯ ಕಡೆ ತಿರುಗಿತು.

ಮರುದಿನವೇ ಚೀಲ ಒಡೆಯಿತು. ಗದಗಿನ ದಾರಿಯಲ್ಲಿ, ಸೊಸೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ ಚನ್ನವ್ವ ತನ್ನ ಹೊಟ್ಟೆಯನ್ನು ತಾನೇ ಮುಟ್ಟಿ ನೋಡಿದಳು. ಅದು ಹಲಗೆಯಂತೆ ಬಿಗಿದಿತ್ತು. ಕೈ ಅಲ್ಲೇ ಒಂದು ಗಳಿಗೆ ನಿಂತಿತು.

"ಇದು ಬಟ್ಟಿ ಅಲ್ಲ ಪೂಜಾ," ಎಂದಳು, ಪರರ ಹೊಟ್ಟೆಯ ಬಗ್ಗೆ ಹೇಳುವಷ್ಟೇ ನಿರಾಳವಾಗಿ.

*

"ಅದು ಸಂಕಟ," ಎಂದರು ಪ್ರಭುಲಿಂಗಪ್ಪ, ಹೊಟ್ಟೆ ಒತ್ತಿಕೊಂಡು ನಿಂತ ಶಶಿಕಾಂತನನ್ನು ನೋಡಿ. ಚನ್ನವ್ವನ ತಮ್ಮ, ಗಜೇಂದ್ರಗಡ ಪೇಟೆಯ ವ್ಯಾಪಾರಿ. ಬೆಳಗಿನಿಂದ ಎಲ್ಲ ವಿಧಿಗಳ ಯಜಮಾನಿಕೆಯನ್ನು, ಯಾರೂ ಕೊಡದಿದ್ದರೂ, ಹೊತ್ತುಕೊಂಡಿದ್ದರು. ಹೆಣವನ್ನು ಕೂಡ್ರಿಸಿ ಎತ್ತಿದ ವಿಮಾನವನ್ನು, ಹೂಳುವ ಕುಣಿ ಮುಟ್ಟುವ ತನಕ ನೆಲಕ್ಕೆ ಇಳಿಸಕೂಡದು, ತಮ್ಮ ಮನೆತನದಲ್ಲಿ ಹಾಗೆ ಎಂದೂ ಆಗಿಲ್ಲ ಎಂದು ಬಾಳೆಕಂಬ ಕಟ್ಟುವವರಿಗೆ ಮೂರು ಸಲ ಹೇಳಿದ್ದರು. "ತಾಯಿ ಹ್ವಾದ್ರ ಗಂಡಸಿನ ಹೊಟ್ಯಾಗ ಕಿವಿಚಿದಂಗ ಆಗತೈತಿ."

"ಸಂಕಟ ಎದ್ಯಾಗ ಇರತೈತ್ರಿ ಮಾವಾರ. ಎಡಕ್ಕ ಕೆಳಗ, ಒಂದ ಬೊಟ್ಟಿನ ಜಾಗಾದಾಗ ಇರಂಗಿಲ್ಲ," ಎಂದಳು ಪೂಜಾ.

ಅಡಿವೆವ್ವ ಎಣ್ಣೆಯ ಬಟ್ಟಲು ಹಿಡಿದು ಬಂದಿದ್ದಳು. "ನಾ ಒಂದೀಟು ತಿಕ್ಕಿ ನೋಡ್ತೀನಿ, ತಡೀರಿ..."

"ಕೈ ಹಚ್ಚಿದ್ರ ನೋಡ ಮತ್ತ!" ಪೂಜಾ ಗದರಿದಳು.

ಬಟ್ಟಲು ಸೆರಗಿನೊಳಗೆ ಅಡಗಿತು.

"ಒಬ್ಬನ ಮಗ ಅದೀನಿ," ಎಂದ ಶಶಿಕಾಂತ. "ಮೊದಲನೇ ಮಣ್ಣ ನಾ ಹಾಕಬೇಕು. ಅವ್ವ ಇದ್ದಿದ್ರ ಒಂದ ಗಳಿಗ್ಯಾಗ ಕೂಡಸ್ತಿದ್ಲು ಇದನ್ನ."

ಪೂಜಾ ಹತ್ತಿರ ಹೋಗಿ, ಚನ್ನವ್ವ ಕೊನೆಗೆ ಹೇಳಿದ ಮೂರು ಮಾತನ್ನು ಮೆಲ್ಲಗೆ ಹೇಳಿದಳು.

"ಯಾವಾಗ ಅಂದ್ಲು?"

"ಗದಗಿನ ದಾರ್ಯಾಗ. ನೀವು ಮುಂದ ಕುಂತಿದ್ರಿ."

ಅವನು ತಾಯಿಯನ್ನೇ ನೋಡುತ್ತ ನಿಂತ. ಆಮೇಲೆ ಆಕೆಯ ಪಕ್ಕದಲ್ಲಿ ಕುಸಿದು ಕೂತು, ರಕ್ತ ಕೊಡಲು ಅಂಗಿಯ ತೋಳು ಮಡಚಿದ.

ಹಿಂದಿನ ಸಲ ಪೂಜಾ ಕೇಳಿಕೊಂಡಿದ್ದಳು. ಈ ಸಲ ಕೇಳಿರಲಿಲ್ಲ. ರೋಣದ ಡಾಕ್ಟರಿಗೂ, ಅಲ್ಲಿ ರಕ್ತ ತಪಾಸಣೆ ಮಾಡುವ ಅಯಾಜನಿಗೂ ಆಗಲೇ ಫೋನು ಮಾಡಿದ್ದಳು. ಅವನು ಬೈಕು ನಿಲ್ಲಿಸಿ, ಚಪ್ಪಲಿ ಬಿಟ್ಟು ಒಳಬಂದವನು ಚನ್ನವ್ವನನ್ನು ಕಂಡು ತಲೆಬಾಗಿದ.

"ಇಲ್ಲೇ ತಗೀಲೇನ್ರಿ ಅಕ್ಕಾರ? ಇವರ ಮುಂದ?"

"ಇವರ ಮುಂದನ ತಗಿ."

ಭಜನೆಯವರು ತಾಳ ನಿಲ್ಲಿಸಿ ಕತ್ತು ಚಾಚಿದರು. ತತ್ವಪದ ಎಂದಾದರೂ ಹಾಡಬಹುದು; ಹೆಣದ ಪಕ್ಕದಲ್ಲಿ ರಕ್ತ ತೆಗೆಯುವುದನ್ನು ನೋಡುವುದು ಎಂದಾದೀತು? ಅಯಾಜ ಸೂಜಿ ತೆಗೆದು, ಅರಳೆಯಿಟ್ಟು, ಬಿಳಿ ಪಟ್ಟಿ ಅಂಟಿಸಿದ.

"ಸಿಆರ್‌ಪಿ ಕಡಿಮಿ ಇದ್ರ ಡಾಕ್ಟರ್ ಹೇಳಿದ ಗುಳಿಗಿ ನುಂಗಿ ಮಣ್ಣ ಕೊಡ್ರಿ," ಎಂದಳು ಪೂಜಾ. "ಏರಿದ್ರ ಕಾರ ಹತ್ತಬೇಕು. ನಡುದಾರ್ಯಾಗ ಇದ್ರೂ."

"ಹೂಂ."

*

ವಿಮಾನ ಎದ್ದಿತು. ಚೆಂಡುಹೂವಿನ ಮಂಟಪದೊಳಗೆ ಕೂತ ಚನ್ನವ್ವ ಹೆಗಲುಗಳ ಮೇಲೆ ತೂಗುತ್ತ ಹೊರಟಳು. ಶಶಿಕಾಂತ ಹೆಗಲು ಕೊಡದೆ, ಕೋಲಿನ ತುದಿಯನ್ನಷ್ಟೇ ಹಿಡಿದು ನಡೆದ. ಹಿಂದೆ ಅವನ ಚಿಕ್ಕಪ್ಪನ ಮಗ ಅನಿಲಕುಮಾರನ ಕಾರು, ಪೂಜಾಳ ಅಪ್ಪಣೆಯಂತೆ, ಎಮ್ಮೆಯ ಹಾಗೆ ತೆವಳುತ್ತಿತ್ತು.

ಊರಬಾಗಿಲ ಅಗಸಿಯ ಓಣಿ ಹೊಕ್ಕಾಗ ಫೋನು ಬಂತು. ಹಲಗೆವಾದ್ಯದ ಬಡಿತದಲ್ಲಿ ಪೂಜಾ ಒಂದು ಕಿವಿ ಮುಚ್ಚಿ ಕೇಳಿದಳು.

"ನೂರಾ ಎಂಬತ್ತು ಐತ್ರಿ," ಎಂದರು ಡಾಕ್ಟರು. "ಇದೊಂದರ ಮ್ಯಾಲೆ ಎಲ್ಲಾ ಹೇಳಾಕ ಬರಂಗಿಲ್ಲ. ಆದ್ರ ಸ್ಕ್ಯಾನ್ ತಡಾ ಮಾಡೂ ಮಾತಲ್ಲ. ಈಗ ಹೊಂಡ್ರಿ."

"ಮಣ್ಣ ಮಾಡೂ ಹೊಲಾ ಅಲ್ಲೇ ಕಾಣತೈತಲ್ಲ ಪೂಜಾ," ಎಂದ ಶಶಿಕಾಂತ. ಮಾತಿನ ನಡುವೆಯೇ ಬಾಗಿದ.

ಪೂಜಾ ಕಾರಿನ ಬಾಗಿಲು ತೆರೆದು, ಹಿಡಿದು ನಿಂತಳು. ಕೂಗಾಡಿದ್ದರೆ ಅವನು ವಾದಿಸುತ್ತಿದ್ದ; ತೆರೆದ ಬಾಗಿಲಿನೊಡನೆ ವಾದಿಸುವುದು ಹೇಗೆ? ಹತ್ತಿ ಕೂತ.

ಆದರೆ ಗದಗಿನ ದಾರಿ ಓಣಿಯ ಆ ತುದಿಗಿತ್ತು. ನಡುವೆ ಗೋಡೆಯಿಂದ ಗೋಡೆಗೆ ಮಂದಿ. ಮಂದಿಯ ಮೇಲೆ ವಿಮಾನ.

ಪ್ರಭುಲಿಂಗಪ್ಪ ತಿರುಗಿ ನೋಡಿದರು. ಕಾರಿನೊಳಗೆ ಮಡಚಿಕೊಂಡಿದ್ದ ಅಳಿಯನನ್ನು ನೋಡಿದರು. ಅಕ್ಕನನ್ನು ನೋಡಿದರು.

"ಇಳಸ್ರಿ."

"ನೆಲಕ್ಕ ಇಳಸಬಾರದು ಅಂತ ನೀವ ಹೇಳಿದ್ರೆಲ್ರಿ ಸಾವ್ಕಾರ?" ಎಂದ ಹೊತ್ತವರಲ್ಲೊಬ್ಬ.

"ಕಟ್ಟಿ ನೆಲಾ ಅಲ್ಲ. ಆ ಮನಿ ಮುಂದಿನ ಕಟ್ಟಿ ಮ್ಯಾಲೆ ಕೂಡಸ್ರಿ!" ಎಂದರು, ತೂಕದ ತಕರಾರು ಮುಗಿಸುವ ದನಿಯಲ್ಲಿ. ಆಮೇಲೆ ಕಾರಿನ ಕಡೆಗೆ: "ಮಣ್ಣ ನಾ ಹಾಕ್ತೀನಿ. ನೀ ಲಗೂನ ನಡಿ."

ಹಲಗೆ ನಿಂತಿತು. ಮಂದಿ ಗೋಡೆಗೆ ಬೆನ್ನು ಹಚ್ಚಿದರು. ಕಾರು ಕಟ್ಟೆಗೆ ತಾಗಿಯೂ ತಾಗದಂತೆ ಸಾಗಿತು. ಕಟ್ಟೆಯ ಮೇಲೆ ಚನ್ನವ್ವ, ಬಂದವರ ದಾರಿ ನೋಡುತ್ತ ಕೂಡುತ್ತಿದ್ದ ಹಾಗೆಯೇ ಕೂತಿದ್ದಳು. ಎತ್ತಾಟದಲ್ಲಿ ಸೆರಗು ಸರಿದು ಮೊಣಕೈ ಬಯಲಾಗಿತ್ತು. ಶಶಿಕಾಂತನ ತೋಳು ಕಿಟಕಿಯ ಮೇಲಿತ್ತು. ಅಂಚು ಸುರುಳಿಯಾದ ಹಳೆಯ ಪಟ್ಟಿಯ ಎದುರು, ಒಂದು ಗೇಣು ಅಂತರದಲ್ಲಿ, ಹೊಸ ಬಿಳಿ ಪಟ್ಟಿ ಹಾದುಹೋಯಿತು.