ಪರಸವ್ವ ನಕಾಶೆ ತಿದ್ದಿಸಿದ್ದು

ಟಿಕೋಟಾದಿಂದ ಬಬಲೇಶ್ವರಕ್ಕೆ ಹೋಗುವ ಸೀಮೆಯಲ್ಲಿ ಒಂದು ಊರು. ಹೆಸರು ಹೇಳುವುದಿಲ್ಲ, ನಿಮ್ಮದೇ ಊರು ಅಂದುಕೊಳ್ಳಿರಿ. ಆ ಊರಿನಲ್ಲಿ ರಾಯಪ್ಪನಿಗೂ ಅವನ ತಮ್ಮನಿಗೂ ಸೇರಿ ಒಂದೇ ಮಣ್ಣು ಚಾವಣಿಯ ಮಾಳಿಗೆ ಮನೆ. ಎರಡು ಅಂಕಣ, ಎರಡು ಒಲೆ, ಹನ್ನೊಂದು ಜನ. ಒಬ್ಬರು ಮಗ್ಗಲು ಹೊರಳಿದರೆ ಎಲ್ಲರೂ ಹೊರಳಬೇಕು. ಹೊಸ ಸೊಸೆ ಬಂದ ಮೇಲಂತೂ ರಾಯಪ್ಪ ಹಾಸಿಗೆ ಹೊತ್ತು ಗುಡಿಯ ಕಟ್ಟೆಗೆ ಹೋಗಿ ಮಲಗುತ್ತಿದ್ದ. ಕೇಳಿದವರಿಗೆ "ದೇವರ ಸೇವಾ" ಎನ್ನುತ್ತಿದ್ದ. ಸೇವೆ ಎಂಥದ್ದೆಂದು ಊರಿಗೆಲ್ಲ ಗೊತ್ತಿತ್ತು.

ಅವನ ಹೆಂಡತಿ ಪರಸವ್ವ ಮನೆಗೆ ಜಾಗ ಬೇಕೆಂದು ಆರು ವರ್ಷದಿಂದ ಅರ್ಜಿಗೆ ಹೆಬ್ಬೆಟ್ಟು ಒತ್ತುತ್ತ ಬಂದವಳು. ಸಾವಿರದ ಒಂಬೈನೂರ ಅರವತ್ತನಾಲ್ಕರ ಬೇಸಿಗೆಯಲ್ಲಿ ಪಂಚಾಯತಿಯವರು ಕೊನೆಗೂ ಮುಂದೆ ಕಟ್ಟುವ ಮನೆಗಳದೊಂದು ಕರಡು ನಕಾಶೆ ಮಾಡಿಸಿ ಚಾವಡಿಯ ಗೋಡೆಗೆ ಹಚ್ಚಿದರು. ಅದರಲ್ಲಿ ಹದಿನೇಳನೇ ನಂಬರಿನ ಜಾಗ ರಾಯಪ್ಪನ ಹೆಸರಿಗೆ. ರಾಯಪ್ಪ ಅವತ್ತು ಓಣಿಗೆಲ್ಲ ಚುರಮುರಿ ಹಂಚಿದ.

ಸಂಜೆ ನೆರೆಮನೆಯ ಬಾನುಬಿ ಬಂದಳು. ಅವಳು ಪಂಚಾಯತಿಯ ಮೆಂಬರು, ನಾಲ್ಕನೇ ಇಯತ್ತೆ ಓದಿದವಳು, ಓದಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಪೈಕಿ ಅಲ್ಲ.

"ನಕಾಶಿ ನೋಡಿದೇನ ಪರಸವ್ವಾ?"

"ಆ ಗೆರಿ ನನಗೇನ್ ತಿಳೀತಾವ ಬೇ? ನಮ್ಮವರು ನೋಡ್ಯಾರ, ಸಾಕು."

"ಆ ಮನ್ಯಾಗ ದಿನಾ ಇರಾಕಿ ಯಾರು, ನೀನೋ ಅವನೋ? ನಡಿ, ನಾ ತೋರಸ್ತೀನಿ."

ಚಾವಡಿಯಲ್ಲಿ ಬಾನುಬಿ ನಕಾಶೆಯ ಮೇಲೆ ಬೆರಳಾಡಿಸಿದಳು. "ಇದು ಹಳ್ಳ. ಇದು ಬಬಲೇಶ್ವರದ ಹಾದಿ. ನಡಬರಕ ಈ ಚೌಕ ಚೌಕ ಅದಾವಲ್ಲ, ಅವೆಲ್ಲಾ ಮನಿ."

ಪರಸವ್ವ ಮುಖ ಸಣ್ಣದು ಮಾಡಿದಳು. "ಹಳ್ಳಕ್ಕೂ ಹಾದಿಗೂ ನಡುವ ಅಂದ್ರ ಸವಳಿನ ಕುಣಿ ಅಲ್ಲೇನ ಬೇ?"

"ಕಾಗದದಾಗ ಪಾಳು ಜಾಗಾ ಅಂತ ಬರದಾರ."

ಮಳೆಗಾಲ ಹಿಡಿಸುವ ಮಿರಗದ ಮಳೆ ಬೀಳುವ ಮುಂಚೆ ಆ ಸೀಮೆಯಲ್ಲಿ ಪ್ರತಿ ಮನೆಯವರೂ ಮಾಳಿಗೆಯ ಮೇಲೆ ಸವಳು ಮಣ್ಣು ಹಾಕುತ್ತಾರೆ. ಉಪ್ಪು ಬೆರೆತ ಬಿಳಿ ಮಣ್ಣು ಅದು. ತೋಯ್ದು ಕೂತಿತೆಂದರೆ ಹನಿ ನೀರು ಒಳಗೆ ಬಿಡದು. ಇಪ್ಪತ್ತು ವರ್ಷದಿಂದ ಊರಿಗೆಲ್ಲ ಆ ಕುಣಿಯಿಂದ ಮಣ್ಣು ಅಗೆದು ಹೊತ್ತು ಹಾಕುವವಳು ಪರಸವ್ವ. ದಫ್ತರದಲ್ಲಿ ಮಾತ್ರ ಅದು ಯಾರಿಗೂ ಬೇಡವಾದ ಪಾಳು. ಮಣ್ಣು ಹೊರುವವರು ಹೆಂಗಸರು, ದಫ್ತರ ಬರೆಯುವವರು ಗಂಡಸರು, ಮತ್ತೇನಾದೀತು?

ಇಬ್ಬರೂ ಮನೆಗೆ ಬಂದು ಹೇಳಿದರೆ ರಾಯಪ್ಪ ಸಿಡಿದೆದ್ದ. "ಸರಕಾರದ ನಕಾಶಿ ಅದು, ಕಲ್ಲಾಗ ಕೊರದಂಗ. ಕೈಗೆ ಬಂದ ತುತ್ತು ಬಾಯಿಗೆ ಬರದಂಗ ಮಾಡಬ್ಯಾಡ. ತಕರಾರು ಮಾಡಿದ್ರ ಮೊದಲ ನಮ್ಮ ಹೆಸರ ಹೊಡದು ಹಾಕ್ತಾರ."

ಪರಸವ್ವನಿಗೂ ಅದೇ ಹೆದರಿಕೆ. ಆರು ವರ್ಷ ಕಾದು ಪಡೆದ ಹದಿನೇಳನೇ ನಂಬರನ್ನು ತಾನೇ ಕಳೆದುಕೊಂಡರೆ ಸೊಸೆಯ ಮುಖ ಹೇಗೆ ನೋಡುವುದು?

"ರಾಯಪ್ಪಣ್ಣಾ," ಎಂದಳು ಬಾನುಬಿ, "ಕರಡು ಅಂದ್ರ ಇನ್ನೂ ಪರಾತದಾಗಿನ ಹಿಟ್ಟು, ಬೆಂದ ರೊಟ್ಟಿ ಅಲ್ಲ. ಒಂದ ತಿಂಗಳ ಗ್ವಾಡಿಗೆ ಹಚ್ಚಿರ್ತಾರ, ಆಮ್ಯಾಲ ಸಭಾ ಕರದು ಕೇಳ್ತಾರ. ನಮ್ಮನ್ನ ಕೇಳಾಕಂತನ ಹಚ್ಚ್ಯಾರ. ತಕರಾರು ಹೇಳಿದ್ರಂತ ಯಾರ ಹೆಸರೂ ಹೊಡಿಯಾಕ ಬರೂದಿಲ್ಲ."

"ಹಂಗಾರ ನೀನ ಹೇಳು. ಮೆಂಬರ ಅದೀಯಲ್ಲ," ಎಂದ ರಾಯಪ್ಪ.

"ನಾ ಓದಿದ್ದು ಕಾಗದ. ಮಣ್ಣು ಓದಿದಾಕಿ ನಿನ್ನ ಹೇಂತಿ."

ಸಭೆಯ ದಿನ ಗಂಡಸರು ಚಾವಡಿಯೊಳಗೆ, ಹೆಂಗಸರು ಎದುರಿನ ಕಟ್ಟೆಯ ಮೇಲೆ. ಚೇರಮನ್ ಹಣಮಂತರಾಯರ ಮಗ್ಗಲಿಗೆ ವಿಜಾಪುರದಿಂದ ಬಂದ, ಜಾಗ ಅಳೆಯುವ ಮೋಜಣಿ ಸಾಹೇಬರು ಕೂತಿದ್ದರು. ನಕಾಶೆ ಬರೆದವರು ಅವರೇ. "ಯಾರದಾದರೂ ತಕರಾರು?" ಎಂದು ಮೂರು ಸಲ ಕೇಳಿದರು. ಒಬ್ಬರೂ ಪಿಟ್ಟೆನ್ನಲಿಲ್ಲ. ಊರಿನ ದೊಡ್ಡ ಬಾಯಿಗಳೆಲ್ಲ ಸಭೆಯಲ್ಲಿ ಹೀಗೆಯೇ, ಮಾತೆಲ್ಲ ಚಹಾದ ಅಂಗಡಿಗೆ ಮೀಸಲು.

ಬಾನುಬಿ ಪರಸವ್ವನ ಬೆನ್ನು ತಿವಿದಳು. ಪರಸವ್ವ ಎದ್ದಳು.

"ಸಾಹೇಬರ, ಹದಿನೇಳು ನಂಬರ ನಂದ ಐತ್ರಿ. ನನಗ ಜಾಗಾ ಬ್ಯಾಡ ಅನ್ನಾಕತ್ತಿಲ್ಲ, ಬೇಕ ಬೇಕ. ಆದ್ರ ಅಲ್ಲಿ ಬ್ಯಾಡ್ರಿ. ಅದು ಪಾಳಲ್ಲ, ಸವಳಿನ ಜಾಗಾ. ಸವಳು ತಲಿ ಮ್ಯಾಲ ಇದ್ರ ಮನಿ ಕಾಯ್ತೈತಿ, ಬುಡದಾಗ ಇದ್ರ ಗ್ವಾಡಿ ತಿಂತೈತಿ. ಅರ್ಧ ಜಾಗಾ ಹಳೇ ಕುಣಿ ಐತ್ರಿ. ತಿಪ್ಪಿ ಬಿದ್ದು ಮುಚ್ಚಿ ಮ್ಯಾಲ ಸಪಾಟ ಕಾಣ್ತೈತಿ. ನೀವು ಬ್ಯಾಸಗ್ಯಾಗ ಬಂದು ಅಳದೀರಿ, ಮಳಿಗಾಲದಾಗ ನೋಡಿಲ್ಲ. ಅಲ್ಲಿ ಮನಿ ಕಟ್ಟಿದ್ರ ಊರಿಗೆ ಮಣ್ಣೂ ಇಲ್ಲ, ನಮಗ ಗ್ವಾಡಿನೂ ಇಲ್ಲ."

ಸಭೆಯಲ್ಲಿ ಯಾರೋ ನಕ್ಕರು. ಸಾಹೇಬರು ನಗಲಿಲ್ಲ. ಟೊಪ್ಪಿಗೆ ತಲೆಗಿಟ್ಟುಕೊಂಡು, "ನಡೀರಿ ತಾಯಿ, ತೋರಿಸ್ರಿ" ಎಂದರು. ಆ ಮನುಷ್ಯನ ದೊಡ್ಡತನಕ್ಕೆ ಕೈ ಮುಗಿಯಬೇಕು. ತಾನು ಬರೆದ ಗೆರೆಯನ್ನು ತಪ್ಪೆಂದು ಹೇಳಿದವಳ ಹಿಂದೆ ಉರಿಬಿಸಿಲಿನಲ್ಲಿ ನಡೆದರು. ಊರಿಗೆ ಊರೇ ಹಿಂದೆ ಹೊರಟಿತು.

ಹದಿನೇಳನೇ ನಂಬರು ಬರುವ ಕಡೆ ಪರಸವ್ವ ದಾರಿಯಲ್ಲಿ ಮನೆಯಿಂದ ತಂದ ಹಾರೆಯನ್ನು ಗಂಡನ ಕೈಗೆ ಕೊಟ್ಟಳು. ರಾಯಪ್ಪ ಒಲ್ಲದ ಮನಸ್ಸಿನಿಂದ ಒಂದು ಏಟು ಹಾಕಿದ. ಹಾರೆ ಅರ್ಧಕ್ಕರ್ಧ ಒಳಗೆ ಇಳಿಯಿತು. ಹಾರೆ ಕಿತ್ತಾಗ ಬಂದದ್ದು ಬೂದಿ, ಹರಕು ಬಟ್ಟೆ, ಹೊಟ್ಟು. ಅವನ ಮುಖ ಬಿಳಿಚಿತು. ಇದರ ಮೇಲೆ ಗೋಡೆ ಎಬ್ಬಿಸಿ, ಅದರ ಕೆಳಗೆ ಮಗ ಸೊಸೆಯನ್ನು ಮಲಗಿಸುವವನಿದ್ದ ಅವನು.

"ಮತ್ತೆ ಎಲ್ಲಿ ಕಟ್ಟಬೇಕು ಹೇಳ್ರಿ," ಎಂದು ಸಾಹೇಬರು ಪರಸವ್ವನನ್ನೇ ಕೇಳಿದರು.

"ಆಚಿ ಎತ್ತರದಾಗ ಕಲ್ಲಿನ ಮಡ್ಡಿ ಐತಲ್ಲರಿ, ಅಲ್ಲಿ ಹಾರಿ ಹಾಕಿದ್ರ ಕಿಡಿ ಹಾರ್ತಾವ. ಆದ್ರ ನೀರು ದೂರ. ಅಲ್ಲೊಂದು ಬಾವಿನೂ ಗೆರಿ ಹಾಕ್ರಿ."

"ಎಲ್ಲಾ ಹೊಸದಾಗಿ ಅಳೀಬೇಕು. ಒಂದು ವರ್ಷ ತಡ ಆಗ್ತದ. ಆದೀತೇನು?"

ಪರಸವ್ವ ಗಂಡನ ಕಡೆ ನೋಡಿದಳು. ರಾಯಪ್ಪ ಹಾರೆ ಒರೆಸಿದ. "ಆರು ವರ್ಷ ಕಾದೀವ್ರಿ, ಇನ್ನೊಂದು ಕಾಯ್ತೀವಿ. ಬೀಳೂ ಗ್ವಾಡಿ ಬುಡಕ ಮಕ್ಕಳನ್ನ ಹಾಕಂಗಿಲ್ಲ. ಈಕಿ ಹೇಳಿದ್ದು ಖರೆ ಐತ್ರಿ."

ಹೆಂಡತಿ ಹೇಳಿದ್ದು ಖರೆ ಎಂದು ಅವನು ಹತ್ತು ಜನರೆದುರು ಒಪ್ಪಿದ್ದು ಅದೇ ಮೊದಲು. ಪರಸವ್ವನ ಕಣ್ಣು ತುಂಬಿದವು.

ಮುಂದಿನ ವರ್ಷ ಎರಡನೇ ಕರಡು ಚಾವಡಿಗೆ ಬಂತು. ಮಡ್ಡಿಯ ಮೇಲೆ ಮನೆಗಳು, ನಡುವೆ ಬಾವಿ. ಪಾಳು ಎಂದಿದ್ದ ಕಡೆ "ಸವಳು ಮಣ್ಣಿನ ಜಾಗ, ಊರಿನ ಬಳಕೆಗೆ" ಎಂದು ಬರೆದಿತ್ತು. ಯಾರ ಹೆಸರನ್ನೂ ಹೊಡೆದಿರಲಿಲ್ಲ. ಈ ಸಲ ರಾಯಪ್ಪನೇ ಮನೆಮನೆಗೆ ಹೋಗಿ, "ಹೆಣ್ಣಮಕ್ಕಳನ್ನೂ ಕರಕೊಂಡ ಬರ್ರಿ, ತಪ್ಪಿದ್ರ ಈಗ ಹೇಳ್ರಿ" ಎಂದು ಕರೆದು ತಂದ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಪಂಚಾಯತಿಯೂ ನಾಳೆ ಇಂಥದೊಂದು ಕರಡು ಹಚ್ಚೀತು. ಓದಲು ಬಾರದಿದ್ದರೆ ಓದಿಸಿ ಕೇಳಿರಿ. ಹಳ್ಳ ಎಲ್ಲಿ, ಹಾದಿ ಎಲ್ಲಿ, ನೀರು ಎಲ್ಲಿ ನಿಲ್ಲುತ್ತದೆ ಎಂದು ವಿಚಾರಿಸಿರಿ. ಸಭೆಗೆ ತಪ್ಪದೆ ಹೋಗಿರಿ. ಮನೆ ಕಟ್ಟಿದ ಮೇಲೆ ಹತ್ತು ಅರ್ಜಿ ಬರೆದರೂ ಗೋಡೆ ಸರಿಯುವುದಿಲ್ಲ, ಇವತ್ತು ಒಂದು ಮಾತಿಗೆ ಗೆರೆ ಸರಿಯುತ್ತದೆ. ನಿಮ್ಮ ನೆಲ ನಿಮಗೆ ಗೊತ್ತಿದ್ದಷ್ಟು ಯಾವ ಸಾಹೇಬನಿಗೂ ಗೊತ್ತಿಲ್ಲ. ಎದ್ದು ನಿಂತು ಹೇಳಿರಿ.